ಹಿತ್ತಲಿನ ಎರಡು ಸೂರಕ್ಕಿ: ಕಪ್ಪು ಸೂರಕ್ಕಿ ಯಾವುದು, ನೇರಳೆ ಸೊಂಟದ ಸೂರಕ್ಕಿ ಯಾವುದು?

ಧಾರವಾಡದ ಹಿತ್ತಲುಗಳಲ್ಲಿ, ಗದಗ, ಹಾವೇರಿಯ ಹೊಲದ ಬದುಗಳಲ್ಲಿ ದಾಸವಾಳಕ್ಕೋ ದಾಳಿಂಬೆ ಹೂವಿಗೋ ಕೊಕ್ಕು ಇಳಿಸಿ ಕೂತ, ಗುಬ್ಬಿಗಿಂತಲೂ ಚಿಕ್ಕ ಹಕ್ಕಿಯ ಫೋಟೊ ತೆಗೆದು ‘ನಮ್ಮನೆಗೆ ಹಮ್ಮಿಂಗ್‌ಬರ್ಡ್ ಬಂದಿತ್ತು’ ಎಂದು ಹಂಚಿಕೊಳ್ಳುವವರು ಬಹಳ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮಲ್ಲಿ ಆ ಕೆಲಸ ಮಾಡುವುದು ಸೂರಕ್ಕಿ. ಎರಡೂ ಮಕರಂದ ಕುಡಿಯುತ್ತವೆ, ಎರಡಕ್ಕೂ ಮಿರುಗುವ ಗರಿಗಳಿವೆ, ಆದರೆ ಸಂಬಂಧಿಕರಲ್ಲ. ಹಮ್ಮಿಂಗ್‌ಬರ್ಡ್‌ಗೆ ಹತ್ತಿರದ ಬಂಧು ಬಾನಾಡಿ, ಅಂದರೆ ಸ್ವಿಫ್ಟ್. ಸೂರಕ್ಕಿ ಗುಬ್ಬಿ, ಪಿಕಳಾರಗಳ ಗಣಕ್ಕೆ ಸೇರಿದ್ದು.

ಈ ಭಾಗದಲ್ಲಿ ದಿನವೂ ಕಣ್ಣಿಗೆ ಬೀಳುವ ಸೂರಕ್ಕಿಗಳು ಎರಡು. ಒಂದು ಪರ್ಪಲ್ ಸನ್‌ಬರ್ಡ್. ಇದನ್ನು ಇಲ್ಲಿ ಕಪ್ಪು ಸೂರಕ್ಕಿ ಎಂದು ಕರೆಯೋಣ. ಇನ್ನೊಂದು ಪರ್ಪಲ್ ರಂಪ್ಡ್ ಸನ್‌ಬರ್ಡ್, ನೇರಳೆ ಸೊಂಟದ ಸೂರಕ್ಕಿ. ಎರಡೂ ಸುಮಾರು 10 ಸೆಂ.ಮೀ. ಉದ್ದ, 10 ಗ್ರಾಂ ಒಳಗಿನ ತೂಕ. ಎರಡರ ಹೆಸರಲ್ಲೂ ‘ಪರ್ಪಲ್’ ಇರುವುದರಿಂದ ಹೊಸಬರು ನೇರಳೆ ಬಣ್ಣ ಹುಡುಕುತ್ತ ಹೋಗಿ ದಾರಿ ತಪ್ಪುತ್ತಾರೆ. ನೇರಳೆ ಎರಡರಲ್ಲೂ ಇದೆ, ಬೆಳಕು ಕೆಟ್ಟರೆ ಎರಡರಲ್ಲೂ ಕಾಣುವುದಿಲ್ಲ. ನೋಡಬೇಕಾದದ್ದು ಹೊಟ್ಟೆ, ಗಂಟಲು, ಕೊಕ್ಕು. ಅದೂ ಇದೇ ಕ್ರಮದಲ್ಲಿ.

ಮೊದಲು, ಅದು ಸೂರಕ್ಕಿಯೇ?

ಸಂಜೆ ಹೊತ್ತು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ರೆಕ್ಕೆ ಕಾಣದಷ್ಟು ವೇಗವಾಗಿ ಬಡಿಯುತ್ತಿರುವ ಜೀವಿ ಸಾಮಾನ್ಯವಾಗಿ ಹಕ್ಕಿಯೇ ಅಲ್ಲ, ಹಾಕ್‌ಮಾತ್ ಎಂಬ ಪತಂಗ. ಅದರ ತಲೆಯ ಮೇಲೆ ಎರಡು ಮೀಸೆ ಇರುತ್ತವೆ. ಕೊಕ್ಕಿನ ಜಾಗದಲ್ಲಿ ದಾರದಂತಹ ಹೀರುನಳಿಕೆ ಇರುತ್ತದೆ, ಕೆಲಸ ಮುಗಿದ ಮೇಲೆ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಸೂರಕ್ಕಿಗೂ ಒಂದೆರಡು ಕ್ಷಣ ಗಾಳಿಯಲ್ಲಿ ನಿಲ್ಲಲು ಬರುತ್ತದೆ, ಆದರೆ ಅದಕ್ಕೆ ಇಷ್ಟ ಕೂತು ಕುಡಿಯುವುದೇ. ತೊಟ್ಟನ್ನೋ ಪಕ್ಕದ ಟೊಂಗೆಯನ್ನೋ ಹಿಡಿದು, ಬೇಕಾದರೆ ತಲೆಕೆಳಗಾಗಿ ಜೋತು, ಕೊಕ್ಕು ಇಳಿಸುತ್ತದೆ.

ಎರಡನೆಯ ಗೊಂದಲ ಹೂಕುಟುಕ, ಫ್ಲವರ್‌ಪೆಕರ್. ಮಾವಿನ ಮರದ ಮೇಲೆ ಬಂದಳಿಕೆ ಬೆಳೆದಿದ್ದರೆ ಅದರ ಹಣ್ಣಿಗೆ ಬಂದೇ ಬರುತ್ತದೆ, ಧಾರವಾಡದ ಮಾವಿನ ತೋಪುಗಳಲ್ಲಿ ಇದು ನಿತ್ಯದ ಹಕ್ಕಿ. ಸುಮಾರು 8 ಸೆಂ.ಮೀ. ಉದ್ದ, ಮೋಟು ಕೊಕ್ಕು, ಬೂದು ಮಿಶ್ರಿತ ಮಣ್ಣಿನ ಬಣ್ಣ, ‘ಟಿಕ್ ಟಿಕ್’ ಎಂಬ ಬಿಡಿಬಿಡಿ ಸದ್ದು. ಕೊಕ್ಕು ತಲೆಯಷ್ಟಾದರೂ ಉದ್ದವಿದ್ದು ಕೆಳಕ್ಕೆ ಬಾಗಿದ್ದರೆ ಮಾತ್ರ ಸೂರಕ್ಕಿ ಎಂದು ಮುಂದುವರಿಯಿರಿ.

ಎಲ್ಲಿ ನಿಲ್ಲಬೇಕು

ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುತ್ತದೆ. ಸೂರಕ್ಕಿಯ ಮಿರುಗು ಗರಿಗೆ ಹಚ್ಚಿದ ಬಣ್ಣದಂಥದ್ದಲ್ಲ. ಗರಿಯ ಸೂಕ್ಷ್ಮ ಎಳೆಗಳೊಳಗೆ ಪದರ ಪದರವಾಗಿ ಕೂತ ಮೆಲನಿನ್ ಕಣಗಳಿಂದ ಬೆಳಕು ಪ್ರತಿಫಲಿಸಿ ಹಸಿರು, ನೀಲಿ, ನೇರಳೆ ಹೊಮ್ಮುತ್ತದೆ. ಆ ಪ್ರತಿಫಲನ ನಿಮ್ಮ ಕಣ್ಣಿನ ಕಡೆಗೇ ಬಂದರೆ ಮಿಂಚು, ಇಲ್ಲದಿದ್ದರೆ ಬರೀ ಕಪ್ಪು. ಹಾಗಾಗಿ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಹಕ್ಕಿ ನಿಮ್ಮ ಮುಂದೆ, ಆದಷ್ಟು ಕಣ್ಣಿನ ಎತ್ತರಕ್ಕೆ. ಎತ್ತರದ ಬೂರುಗದ ತುದಿಯಲ್ಲಿರುವ ಹಕ್ಕಿಯನ್ನು ಆಕಾಶಕ್ಕೆ ಎದುರಾಗಿ ನೋಡಿ ಬಣ್ಣ ಹೇಳಲು ಹೋಗಬೇಡಿ. ಆಕಾರ, ಕೊಕ್ಕು, ದನಿಯಷ್ಟನ್ನೇ ಗಮನಿಸಿ.

ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಆರು ಒಳ್ಳೆಯ ಹೊತ್ತು. ಹಕ್ಕಿಯ ಹಿಂದೆ ಅಲೆಯುವುದಕ್ಕಿಂತ ಹೂವಿನ ಮುಂದೆ ಕಾಯುವುದು ಮೇಲು. ಚೆನ್ನಾಗಿ ಅರಳಿದ ಒಂದು ಗಿಡ ಆರಿಸಿ, 5ರಿಂದ 8 ಮೀಟರ್ ದೂರದಲ್ಲಿ ಅಲುಗಾಡದೆ ನಿಲ್ಲಿ. ಸೂರಕ್ಕಿ ಅದೇ ಗಿಡಕ್ಕೆ ಮತ್ತೆ ಮತ್ತೆ ಸುತ್ತು ಹೊಡೆಯುತ್ತದೆ, ಹೋದದ್ದು ಬರುತ್ತದೆ. ಬೈನಾಕ್ಯುಲರ್ 8×42, ಅಂದರೆ 8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು ಸಾಕು. ಕೊಳ್ಳುವಾಗ 2 ಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಹಿತ್ತಲಿನ ಹಕ್ಕಿಗೆ 10 ಪಟ್ಟು ಹಿಗ್ಗಿಸುವುದಕ್ಕಿಂತ ಹತ್ತಿರದ ಫೋಕಸ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಂಡಾದರೆ ಹೊಟ್ಟೆ ನೋಡಿ

ಮರಿ ಮಾಡುವ ಕಾಲದ ಗಂಡು ಕಪ್ಪು ಸೂರಕ್ಕಿ ತಲೆಯಿಂದ ಹೊಟ್ಟೆಯವರೆಗೆ ಪೂರ್ತಿ ಕಪ್ಪು. ಬಿಸಿಲು ಬಿದ್ದಾಗ ನೀಲಿ, ನೇರಳೆ, ಕೆಲವೊಮ್ಮೆ ಹಸಿರು ಮಿಂಚುತ್ತದೆ. ಎದೆಯ ಮೇಲೆ ಸಣ್ಣ ಕೆಂಗಂದು ಪಟ್ಟಿ ಇರುತ್ತದೆ, ತೀರ ಹತ್ತಿರವಿದ್ದರೆ ಮಾತ್ರ ಕಾಣುತ್ತದೆ, ಕಾಣದಿದ್ದರೆ ಚಿಂತೆಯಿಲ್ಲ. ಹೆಣ್ಣಿನ ಮುಂದೆ ರೆಕ್ಕೆ ಅಗಲಿಸಿ ಕುಣಿಯುವಾಗ ಕಂಕುಳಲ್ಲಿ ಹಳದಿ, ಕಿತ್ತಳೆ ಗರಿಗಳ ಗೊಂಚಲು ಹೊರಬರುತ್ತದೆ. ಅದನ್ನು ನೋಡಿ ‘ಹಳದಿ ಇದೆ, ಹಾಗಾದರೆ ಇನ್ನೊಂದು ಜಾತಿ’ ಎನ್ನಬೇಡಿ. ಗೊಂಚಲು ರೆಕ್ಕೆಯ ಬುಡದಲ್ಲಿ ಮಾತ್ರ, ಹೊಟ್ಟೆ ಕಪ್ಪೇ.

ಗಂಡು ನೇರಳೆ ಸೊಂಟದ ಸೂರಕ್ಕಿಗೆ ಹೊಟ್ಟೆ ಹಳದಿ, ಪಕ್ಕೆಗಳು ಬಿಳುಪು. ಹಳದಿಗೂ ಗಂಟಲಿಗೂ ನಡುವೆ ಕಡು ಕೆಂಗಂದು ಪಟ್ಟಿ ಅಡ್ಡಕ್ಕೆ ಹಾದು ಎರಡನ್ನೂ ಕತ್ತರಿಸಿದಂತೆ ಬೇರೆ ಮಾಡುತ್ತದೆ. ಬೆನ್ನೂ ಅದೇ ಕೆಂಗಂದು, ನೆತ್ತಿ ಲೋಹದ ಹಸಿರು, ಗಂಟಲು ನೇರಳೆ. ಭುಜದ ಮೇಲೆ ಪುಟ್ಟ ಹಸಿರು ಮಚ್ಚೆ ಇದೆ, ಅದು ಒಂದು ಕೋನದಲ್ಲಿ ಮಾತ್ರ ಹೊಳೆದು ಮಾಯವಾಗುತ್ತದೆ. ಹೆಸರಿಗೆ ಕಾರಣವಾದ ನೇರಳೆ ಇರುವುದು ಬಾಲದ ಬುಡದ ಮೇಲ್ಭಾಗದಲ್ಲಿ. ಹಕ್ಕಿ ಬೆನ್ನು ತಿರುಗಿಸಿ ರೆಕ್ಕೆ ಸಡಿಲಿಸಿದಾಗಷ್ಟೇ ಅದು ತೋರುತ್ತದೆ, ಆದ್ದರಿಂದ ಗುರುತಿಸಲು ಅದನ್ನೇ ಕಾಯುತ್ತ ಕೂರುವುದು ದಂಡ. ಕಣ್ಣಿನ ಪಾಪೆಯ ಸುತ್ತ ಕೆಂಪು ಕಂಡರೆ ಇದೇ ಹಕ್ಕಿ ಎಂಬುದಕ್ಕೆ ಇನ್ನೊಂದು ಬಲ ಸಿಕ್ಕಿತು.

ಹೆಣ್ಣಾದರೆ ಗಂಟಲು ನೋಡಿ

ಹೆಣ್ಣುಗಳನ್ನು ಬಹಳ ಮಂದಿ ಸುಮ್ಮನೆ ಬಿಟ್ಟುಬಿಡುತ್ತಾರೆ. ಗೂಡು ಕಟ್ಟುವುದು, ಕಾವು ಕೂರುವುದು ಹೆಚ್ಚಾಗಿ ಅವೇ. ಹಿತ್ತಲಲ್ಲಿ ಯಾವ ಜಾತಿ ಸಂಸಾರ ಹೂಡಿದೆ ಎಂಬುದನ್ನು ಹೇಳುವುದೂ ಅವೇ. ಕಲಿಯುವುದು ಅಷ್ಟೇನೂ ಕಷ್ಟವಲ್ಲ.

ನೇರಳೆ ಸೊಂಟದ ಹೆಣ್ಣಿಗೆ ಗಂಟಲು ಬಿಳಿ ಅಥವಾ ತಿಳಿಬೂದು, ಎದೆ ಹಳದಿ. ಬಿಳಿ ಮುಗಿದು ಹಳದಿ ಶುರುವಾಗುವ ಜಾಗ ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ. ರೆಕ್ಕೆಯಲ್ಲಿ ಸ್ವಲ್ಪ ಕೆಂಗಂದು ಛಾಯೆ. ಕಪ್ಪು ಸೂರಕ್ಕಿಯ ಹೆಣ್ಣಿಗೆ ಗಂಟಲಿನಿಂದಲೇ ಹಳದಿ ಶುರು, ನಡುವೆ ತಡೆಯಿಲ್ಲ. ಬೆನ್ನು ಕಂದು ಮಿಶ್ರಿತ ಪಾಚಿ ಹಸಿರು. ಕಣ್ಣಿನ ಮೂಲಕ ಕಪ್ಪು ಗೆರೆ, ಅದರ ಮೇಲೆ ಮಸುಕು ಹಳದಿ ಹುಬ್ಬು. ಬಾಲ ಕಡುಬಣ್ಣ, ತುದಿಯಲ್ಲಿ ಬಿಳುಪು.

ಎರಡು ಕಡೆ ಎಡವಬಹುದು. ಹೂವಿನ ಪರಾಗ ಮೆತ್ತಿ ಬಿಳಿ ಗಂಟಲು ಹಳದಿಯಾಗಿ ಕಾಣಬಹುದು. ಹಾಗನಿಸಿದರೆ ಹಣೆಯನ್ನೂ ನೋಡಿ, ಪರಾಗವಾದರೆ ಅಲ್ಲೂ ಪುಡಿ ಇರುತ್ತದೆ. ಎರಡನೆಯದು ಈಗಷ್ಟೇ ಗೂಡು ಬಿಟ್ಟ ಮರಿ. ನೇರಳೆ ಸೊಂಟದ ಮರಿಗೆ ಗಂಟಲಲ್ಲೂ ಹಳದಿ ಇರಬಹುದು. ಕೊಕ್ಕಿನ ಬುಡದಲ್ಲಿ ದಪ್ಪ ಹಳದಿ ಅಂಚು ಕಂಡರೆ, ರೆಕ್ಕೆ ನಡುಗಿಸಿ ಉಣಿಸು ಬೇಡುತ್ತಿದ್ದರೆ, ಅದು ಮರಿ. ಅದರ ಗಂಟಲನ್ನು ಬಿಟ್ಟು, ಉಣಿಸಲು ಬರುವ ತಾಯಿಯ ಗಂಟಲು ನೋಡಿ ತೀರ್ಮಾನಿಸಿ.

ಎದೆಯ ನಡುವೆ ಗೆರೆ ಇರುವ ಹಕ್ಕಿ

ನವರಾತ್ರಿಯ ಆಸುಪಾಸಿನಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ ಬರುವ ಫೋಟೊಗಳಲ್ಲಿ ಅತಿ ಹೆಚ್ಚು ತಪ್ಪು ಹೆಸರು ಪಡೆಯುವ ಹಕ್ಕಿ ಇದು. ಬೆನ್ನು ಹೆಣ್ಣಿನ ಹಾಗೆ ಕಂದು, ಹೊಟ್ಟೆ ಹಳದಿ, ಆದರೆ ಗದ್ದದಿಂದ ಹೊಟ್ಟೆಯವರೆಗೆ ನಟ್ಟನಡುವೆ ಮಸಿ ಎಳೆದಂತೆ ಒಂದು ಕಪ್ಪು ಪಟ್ಟಿ. ಭುಜದ ಹತ್ತಿರ ಅಲ್ಲಲ್ಲಿ ನೀಲಿ ಮಿಂಚು. ಇದು ಗಂಡು ಕಪ್ಪು ಸೂರಕ್ಕಿಯ ಮಂಕು ಉಡುಪು, ಇಂಗ್ಲಿಷಿನಲ್ಲಿ ಎಕ್ಲಿಪ್ಸ್ ಎನ್ನುತ್ತಾರೆ. ಮರಿ ಮಾಡುವ ಕಾಲ ಮುಗಿದ ಮೇಲೆ ಬರುವ ಈ ರೂಪ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಹೆಚ್ಚಾಗಿ ಕಾಣುತ್ತದೆ. ಮೊದಲ ಸಲ ಕಪ್ಪು ಉಡುಪಿಗೆ ಬೆಳೆಯುತ್ತಿರುವ ಎಳೆಯ ಗಂಡೂ ಹೀಗೇ ತೇಪೆ ತೇಪೆಯಾಗಿ ಇರುತ್ತದೆ. ನೇರಳೆ ಸೊಂಟದ ಗಂಡಿಗೆ ಇಂಥ ಮಂಕು ಉಡುಪೇ ಇಲ್ಲ. ಬಲಿತ ಗಂಡು ವರ್ಷವಿಡೀ ಒಂದೇ ವೇಷದಲ್ಲಿರುತ್ತದೆ.

ಹೀಗಾಗಿ ಹಳದಿ ಹೊಟ್ಟೆ ಮತ್ತು ಕಡು ಗಂಟಲು ಎರಡೂ ಒಟ್ಟಿಗೆ ಕಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಪ್ಪು ಉದ್ದಕ್ಕಿದೆಯೋ, ಅಡ್ಡಕ್ಕಿದೆಯೋ? ಉದ್ದಕ್ಕೆ ಇಳಿದು, ಎರಡೂ ಬದಿಯಲ್ಲಿ ಹಳದಿ ಉಳಿದಿದ್ದರೆ ಕಪ್ಪು ಸೂರಕ್ಕಿ. ಗಂಟಲು ಪೂರ್ತಿ ಕಡುಬಣ್ಣವಾಗಿದ್ದು ಎದೆಯ ಮೇಲೆ ಅಡ್ಡಪಟ್ಟಿಯಲ್ಲಿ ನಿಂತು, ಅದರ ಕೆಳಗೆ ಅಚ್ಚ ಹಳದಿ ಶುರುವಾದರೆ ನೇರಳೆ ಸೊಂಟದ್ದು. ಪಕ್ಕದಿಂದ ನೋಡಿದಾಗ ಉದ್ದ ಪಟ್ಟಿ ಮರೆಯಾಗಿ ಹಕ್ಕಿ ಬರೀ ಹೆಣ್ಣಿನಂತೆ ಕಾಣುವುದುಂಟು. ಅದು ಎದೆ ತಿರುಗಿಸುವವರೆಗೆ ಹೆಸರು ಬರೆಯಬೇಡಿ.

ಚಳಿಗಾಲ ಕಳೆದು ಜನವರಿ, ಫೆಬ್ರವರಿಗೆ ಬಂದರೆ ಪಟ್ಟಿ ಅಗಲವಾಗುತ್ತ, ಬೆನ್ನಿನ ಮೇಲೂ ಕಪ್ಪು ಹರಡುತ್ತ ಹೋಗುತ್ತದೆ. ಒಂದೇ ಗಿಡದಲ್ಲಿ ಅರ್ಧ ಕಪ್ಪು, ಮುಕ್ಕಾಲು ಕಪ್ಪು, ಪೂರ್ತಿ ಕಪ್ಪು ಮೂರೂ ಬಗೆ ಸಿಕ್ಕರೆ ಮೂರೂ ಒಂದೇ ಜಾತಿ.

ಕೊಕ್ಕು, ಮತ್ತು ಮೂರನೆಯ ಹಕ್ಕಿ

ನೇರಳೆ ಸೊಂಟದ ಸೂರಕ್ಕಿಯ ಕೊಕ್ಕು ಗಿಡ್ಡ, ಬಾಗು ಕಡಿಮೆ. ಕಪ್ಪು ಸೂರಕ್ಕಿಯದು ಕೊಂಚ ಉದ್ದ, ಬಾಗು ಹೆಚ್ಚು. ಬಿಡಿ ಹಕ್ಕಿಯಲ್ಲಿ ಈ ವ್ಯತ್ಯಾಸ ಹೇಳುವುದು ಕಷ್ಟ, ಎರಡೂ ಒಂದೇ ಗಿಡಕ್ಕೆ ಬಂದಾಗ ಹೋಲಿಸಿ ಕಣ್ಣು ಪಳಗಿಸಿಕೊಳ್ಳಿ.

ಕೊಕ್ಕು ನಿಜವಾಗಿ ಕೆಲಸಕ್ಕೆ ಬರುವುದು ಪಶ್ಚಿಮದ ಕಡೆ, ಕಲಘಟಗಿ ದಾಟಿ ಹಳಿಯಾಳ, ಯಲ್ಲಾಪುರದ ಕಾಡಿನತ್ತ ಹೋದಾಗ. ಅಲ್ಲಿ ಲೋಟೆನ್ಸ್ ಸೂರಕ್ಕಿಯೂ ಇರಬಹುದು. ಶ್ರೀಲಂಕಾದಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟೆನ್ ಹೆಸರು ಅದಕ್ಕಿದೆ. ಗಂಡು ದೂರದಿಂದ ಥೇಟ್ ಕಪ್ಪು ಸೂರಕ್ಕಿಯೇ. ಆದರೆ ಕೊಕ್ಕು ಎದ್ದು ಕಾಣುವಷ್ಟು ಉದ್ದ, ಕುಡುಗೋಲಿನಂತೆ ಬಾಗಿದ್ದು. ಎದೆಯ ಕೆಂಗಂದು ಪಟ್ಟಿ ಅಗಲ, ಅದರ ಕೆಳಗಿನ ಹೊಟ್ಟೆ ಮಸುಕು ಕಂದು. ಕಪ್ಪು ಸೂರಕ್ಕಿಯ ಹೊಟ್ಟೆಯಲ್ಲಿ ಕಂದು ಇರುವುದಿಲ್ಲ. ಗದಗ, ಹಾವೇರಿಯ ಬಯಲಿನಲ್ಲಿ ಇದರ ಯೋಚನೆ ಅಷ್ಟಾಗಿ ಬೇಡ.

ದನಿ

ಕಪ್ಪು ಸೂರಕ್ಕಿ ತಂತಿಯ ಮೇಲೋ ಒಣ ಟೊಂಗೆಯ ತುದಿಗೋ ಬಹಿರಂಗವಾಗಿ ಕೂತು ‘ಚೀವಿಟ್ ಚೀವಿಟ್ ಚೀವಿಟ್’ ಎಂದು ಬಿರುಸಾಗಿ ಹಾಡುತ್ತದೆ. ಬಿಡಿ ಕರೆ ಚೂಪಾದ ‘ಝ್ವಿಟ್’. ನೇರಳೆ ಸೊಂಟದ್ದು ಎಲೆಗಳ ನಡುವೆ ಓಡಾಡುತ್ತಲೇ ‘ಟಿಟ್‌ಯೂ, ಟ್ರ್‌ರ್‌ಟಿಟ್, ಟಿಟ್‌ಯೂ’ ಎಂದು ಸಣ್ಣ ಲೋಹದ ದನಿ ಹೊರಡಿಸುತ್ತದೆ. ಮರ್ಲಿನ್ ಆ್ಯಪ್‌ಗೆ ದನಿ ಕೇಳಿಸಿ ಹೆಸರು ಪಡೆಯಬಹುದು. ಆದರೆ ಅದು ಕೊಟ್ಟ ಹೆಸರನ್ನು ಕಣ್ಣಿನಿಂದ ಖಚಿತಪಡಿಸದೆ ಪಟ್ಟಿಗೆ ಸೇರಿಸಬೇಡಿ.

ಯಾವ ಊರಲ್ಲಿ, ಯಾವ ಹೂವಿಗೆ

ಎರಡೂ ಎಲ್ಲ ಕಡೆ ಸಿಗುತ್ತವೆ, ಒಲವು ಮಾತ್ರ ಬೇರೆ. ಧಾರವಾಡದ ಮರಗಿಡ ತುಂಬಿದ ಬಡಾವಣೆಗಳು, ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಸಾಧನಕೇರಿ ದಂಡೆ, ಹುಬ್ಬಳ್ಳಿಯ ಉಣಕಲ್ ಕೆರೆ ಸುತ್ತಲಿನ ತೋಟಗಳು ನೇರಳೆ ಸೊಂಟದ ಸೂರಕ್ಕಿಗೆ ಒಪ್ಪುವ ಜಾಗ. ಮುಳ್ಳುಕಂಟಿ, ಕುರುಚಲು, ಒಣ ಗುಡ್ಡಗಳಿದ್ದರೆ ಕಪ್ಪು ಸೂರಕ್ಕಿಯನ್ನು ಮೊದಲು ನಿರೀಕ್ಷಿಸಿ: ಗದಗಿನ ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋದವರು ಏರಿಯ ಮೇಲಿನ ಜಾಲಿ, ಕಂಟಿಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು, ನೀರಿನತ್ತಲೇ ನೋಡಿ ವಾಪಸಾದರೆ ಇವು ತಪ್ಪಿಹೋಗುತ್ತವೆ.

ಜನವರಿಯಿಂದ ಮಾರ್ಚ್‌ವರೆಗೆ ಬೂರುಗ, ಮುತ್ತುಗ, ಹಾಲಿವಾಣ ಎಲೆ ಉದುರಿಸಿ ಹೂ ಬಿಡುತ್ತವೆ. ಎಲೆಯಿಲ್ಲದ ಟೊಂಗೆಯಲ್ಲಿ ಹಕ್ಕಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮುತ್ತುಗದ ಮರದ ಮುಂದೆ ಅರ್ಧ ಗಂಟೆ ನಿಂತು ಗಂಡು ಕಪ್ಪು ಸೂರಕ್ಕಿಯ ಹಣೆ ನೋಡಿ. ಹೂವಿನ ಬಾಗಿದ ದೋಣಿಯಂತಹ ಎಸಳನ್ನು ಒತ್ತಿ ಮಕರಂದಕ್ಕೆ ಕೊಕ್ಕು ಇಳಿಸಿದಾಗ ಒಳಗಿನ ಕೇಸರಗಳು ಹೊರಬಂದು ಪರಾಗ ಮೆತ್ತುತ್ತವೆ, ಅದನ್ನು ಹೊತ್ತೇ ಹಕ್ಕಿ ಮುಂದಿನ ಹೂವಿಗೆ ಹೋಗುತ್ತದೆ. ದಾಸವಾಳದಲ್ಲಿ ಇಷ್ಟು ಪ್ರಾಮಾಣಿಕತೆ ಇಲ್ಲ. ಅಲ್ಲಿ ಎರಡೂ ಜಾತಿ ಹೂವಿನ ಬುಡಕ್ಕೇ ಹೊರಗಿನಿಂದ ತೂತು ಕೊರೆದು, ಪರಾಗ ಮುಟ್ಟದೆ ಮಕರಂದ ಕದಿಯುವುದುಂಟು. ಹೂವಿನ ಬುಡದಲ್ಲಿ ಸಣ್ಣ ಸೀಳು ಕಂಡರೆ ರೋಗವೆಂದು ಔಷಧ ಹೊಡೆಯಬೇಡಿ.

ಹಿತ್ತಲಿಗೇ ಕರೆಯಬೇಕೆಂದರೆ ಸಕ್ಕರೆ ನೀರಿನ ಬಾಟಲಿ ತೂಗುಹಾಕುವುದು ಬೇಡ. ನಮ್ಮ ಬಿಸಿಲಿಗೆ ಅದು ದಿನದೊಳಗೆ ಹುಳಿಯುತ್ತದೆ, ಇರುವೆ ಮುತ್ತುತ್ತದೆ, ತೊಳೆಯುವುದು ತಪ್ಪಿದರೆ ಬೂಷ್ಟು ಬೆಳೆಯುತ್ತದೆ. ಗಿಡ ನೆಡಿ. ಒಂಟಿ ಸುತ್ತಿನ ಕೆಂಪು ದಾಸವಾಳ, ಹಮೇಲಿಯಾ, ರಸೆಲಿಯಾ ಮೂರಿದ್ದರೆ ವರ್ಷದ ಬಹುಪಾಲು ಹೂ ಇರುತ್ತದೆ. ಜೋಡಿ ಸುತ್ತಿನ ದಾಸವಾಳ ನೋಡಲು ಚೆಂದ, ಆದರೆ ಒತ್ತಾದ ಎಸಳುಗಳ ನಡುವೆ ಹಕ್ಕಿಗೆ ದಾರಿ ಸಿಗುವುದಿಲ್ಲ. ಮಿರಗದ ಮಳೆ ಬಿದ್ದ ಮೇಲೆ 45 ಸೆಂ.ಮೀ. ಆಳ, ಅಗಲದ ಗುಂಡಿ ತೆಗೆದು ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ, ಗಿಡದಿಂದ ಗಿಡಕ್ಕೆ ಒಂದು ಮೀಟರ್ ಬಿಡಿ. ಗದಗ, ನವಲಗುಂದ ಕಡೆಯ ಎರೆ ಮಣ್ಣಿನಲ್ಲಿ ಗುಂಡಿಯೊಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಮರಳು ಬೆರೆಸಿ, ನೆಲದಿಂದ ಒಂದು ಗೇಣು ಎತ್ತರಿಸಿದ ದಿಣ್ಣೆಯ ಮೇಲೆ ನೆಡಬೇಕು. ದಾಸವಾಳಕ್ಕೆ ಹಿಟ್ಟು ತಿಗಣೆ ಬಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ ಸೇರಿಸಿ, ಸಂಜೆ ಹೊತ್ತು, ಹೂ ಬಿಟ್ಟು ಎಲೆ, ಕಾಂಡಕ್ಕೆ ಮಾತ್ರ ಸಿಂಪಡಿಸಿ. ಕಟು ಕೀಟನಾಶಕ ಬೇಡವೇ ಬೇಡ: ಸೂರಕ್ಕಿ ಮರಿಗಳು ಬೆಳೆಯುವುದು ಮಕರಂದದಿಂದಲ್ಲ, ತಾಯಿ ತಂದೆ ತರುವ ಹುಳ, ಜೇಡಗಳಿಂದ.

ಫೋಟೊ

ಶಟರ್ ವೇಗ 1/1000 ಸೆಕೆಂಡಿಗಿಂತ ಕಡಿಮೆ ಇಟ್ಟರೆ ತಲೆ ಮಸುಕಾಗುತ್ತದೆ, ಈ ಹಕ್ಕಿಗಳ ತಲೆ ಒಂದೆಡೆ ನಿಲ್ಲುವುದಿಲ್ಲ. ಆಕಾಶದ ಎದುರಿನ ಕಪ್ಪು ಸೂರಕ್ಕಿಗೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಸಿ. ದಟ್ಟ ಎಲೆಗಳ ಹಿನ್ನೆಲೆಯಲ್ಲಿ ಅರ್ಧ ಸ್ಟಾಪ್ ತಗ್ಗಿಸಿ, ಇಲ್ಲವಾದರೆ ಮಿರುಗು ಬೆಳ್ಳಗೆ ಸುಟ್ಟುಹೋಗುತ್ತದೆ. ಗುರುತಿಗಾಗಿ ತೆಗೆಯುವ ಫೋಟೊದಲ್ಲಿ ಎದೆ, ಗಂಟಲು ಕಾಣಬೇಕು. ಬೆನ್ನಿನ ಹತ್ತು ಚೆಂದದ ಚಿತ್ರಕ್ಕಿಂತ ಎದೆಯ ಒಂದು ಮಸುಕು ಚಿತ್ರವೇ ಹೆಚ್ಚು ಹೇಳುತ್ತದೆ.

ಗೂಡು ಕಂಡರೆ

ಎರಡರದ್ದೂ ಜೋತಾಡುವ ಚೀಲದಂತಹ ಗೂಡು. ನಾರು, ಒಣ ಎಲೆ, ತೊಗಟೆ ಚೂರು, ಹುಳದ ಹಿಕ್ಕೆಗಳನ್ನು ಜೇಡರ ಬಲೆಯಿಂದ ಬಿಗಿದು ಕಟ್ಟಿರುತ್ತವೆ. ಬದಿಯಲ್ಲಿ ಬಾಯಿ, ಅದರ ಮೇಲೊಂದು ಪುಟ್ಟ ಮಾಡು. ದೂರದಿಂದ ಟೊಂಗೆಗೆ ಸಿಕ್ಕ ಕಸದಂತೆ ಕಾಣುತ್ತದೆ, ಹಬ್ಬದ ಮುಂಚೆ ಸ್ವಚ್ಛ ಮಾಡುವಾಗ ಕಿತ್ತೆಸೆಯುವುದು ಇದೇ ಕಾರಣಕ್ಕೆ. ವರಾಂಡದ ಕೇಬಲ್, ಬಟ್ಟೆ ಒಣಹಾಕುವ ತಂತಿ, ಬಲ್ಬಿನ ವೈರಿನಲ್ಲೂ ಕಟ್ಟುತ್ತವೆ. ಗೂಡು ನೋಡಿ ಜಾತಿ ಹೇಳಲು ಹೋಗಬೇಡಿ, ಒಳಹೊಕ್ಕು ಹೊರಡುವ ಹೆಣ್ಣಿನ ಗಂಟಲು ನೋಡಿ.

ಸಾಮಾನ್ಯವಾಗಿ 2 ಮೊಟ್ಟೆ. ಕಾವು ಎರಡು ವಾರಕ್ಕಿಂತ ಒಂದೆರಡು ದಿನ ಹೆಚ್ಚು, ಮರಿ ಹಾರಲು ಮತ್ತೆ ಅಷ್ಟೇ ದಿನ. ಹೀಗೆ ಐದು ವಾರ ಆ ತಂತಿಯನ್ನು ಬಿಟ್ಟುಕೊಡಿ. 3 ಮೀಟರ್‌ಗಿಂತ ಹತ್ತಿರ ನಿಲ್ಲಬೇಡಿ, ಫ್ಲ್ಯಾಶ್ ಹಾಕಬೇಡಿ, ಮರೆಗಿರುವ ಎಲೆ ಸವರಬೇಡಿ. ಎಲೆ ಸವರಿದರೆ ಫೋಟೊ ಚೆನ್ನಾಗಿ ಬರುತ್ತದೆ, ಕಾಗೆಗೂ ಗೂಡು ಚೆನ್ನಾಗಿ ಕಾಣುತ್ತದೆ. ಕಾಂಪೌಂಡ್ ಮೂಲೆಯ ಒಂದಷ್ಟು ಜೇಡರ ಬಲೆಯನ್ನು ಗುಡಿಸದೆ ಬಿಡುವುದೂ ದೊಡ್ಡ ಉಪಕಾರ, ಗೂಡಿನ ಅಂಟು ಅದೇ.

ಇದೇ ದಿನಗಳಲ್ಲಿ ಗಂಡು ಸೂರಕ್ಕಿ ಕಿಟಕಿಯ ಗಾಜು, ಬೈಕಿನ ಕನ್ನಡಿಗಳನ್ನು ಕುಕ್ಕುತ್ತದೆ. ಒಳಗೆ ಕಾಣುವ ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡು ತಾಸುಗಟ್ಟಲೆ ಕಾದಾಡಿ ದಣಿಯುತ್ತದೆ. ಓಡಿಸಿದರೆ ಮತ್ತೆ ಬರುತ್ತದೆ. ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ, ಗಾಜಿನ ಹೊರಮೈಗೆ ಕಾಗದ ಅಂಟಿಸಿ, ಬಿಂಬ ಹೋದರೆ ಜಗಳವೂ ನಿಲ್ಲುತ್ತದೆ.

ಬರೆದಿಡುವಾಗ

ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವವರು ಗಂಡು, ಹೆಣ್ಣು, ಮಂಕು ಉಡುಪಿನ ಗಂಡು ಎಂದು ಬೇರೆ ಬೇರೆ ಎಣಿಕೆ ಕೊಡಿ. ಮಂಕು ಉಡುಪಿನ ಗಂಡು ನಮ್ಮ ಕಡೆ ಯಾವ ತಿಂಗಳಲ್ಲಿ ಶುರುವಾಗಿ ಯಾವಾಗ ಮುಗಿಯುತ್ತದೆ ಎಂಬುದು ಇಂಥ ಸಾಲುಗಳಿಂದಲೇ ತಿಳಿಯಬೇಕು. ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಿತ್ತಲಿನ ಹಕ್ಕಿ ಎಣಿಕೆ ಮುತ್ತುಗ, ಬೂರುಗದ ಹೂಗಾಲಕ್ಕೇ ಬೀಳುವುದರಿಂದ ಹೊಸಬರು ಶುರು ಮಾಡಲು ಅದು ಒಳ್ಳೆಯ ವಾರ. ಎದೆಯೂ ಗಂಟಲೂ ಕಾಣದೆ ಹಾರಿಹೋದ ಹಕ್ಕಿಗೆ ಊಹೆಯ ಹೆಸರು ಕೊಡದೆ, ಜಾತಿ ಹೇಳದ ‘ಸನ್‌ಬರ್ಡ್’ ಎಂಬ ಆಯ್ಕೆಯನ್ನೇ ಒತ್ತಿ, ಪಕ್ಕದ ಟಿಪ್ಪಣಿಯಲ್ಲಿ ಕಂಡಷ್ಟನ್ನು ಬರೆಯಿರಿ: ಹೊಟ್ಟೆ ಹಳದಿ, ಗಂಟಲು ಕಾಣಲಿಲ್ಲ, ಕೊಕ್ಕು ಗಿಡ್ಡ, ನುಗ್ಗೆ ಹೂವಿನಲ್ಲಿತ್ತು.